ಕತ್ತರಿಸಿದ ಹನ್ನೆರಡು ಹಾಳೆ

ನರ್ಸಿಂಗ್ ಕಾಲೇಜಿನ ಹುಡುಗಿಯರು ಆ ಪುಸ್ತಕಕ್ಕೆ ಇಟ್ಟಿಗೆ ಅಂತ ಹೆಸರಿಟ್ಟಿದ್ದರು. ಶರೀರಶಾಸ್ತ್ರದ ಪಠ್ಯ, ಸಾವಿರದ ಇನ್ನೂರು ಪುಟ. ಅಂಗಡಿಯಲ್ಲಿ ಎತ್ತಿಕೊಂಡವರು ಬೆಲೆ ನೋಡಿ ಮೆಲ್ಲಗೆ ಕೆಳಗಿಡುತ್ತಿದ್ದರು, ಕಾಲ ಮೇಲೆ ಬಿದ್ದರೂ ಆ ಬೆಲೆಯಷ್ಟು ನೋಯಲ್ಲ ಅನ್ನೋದು ಹುಡುಗಿಯರ ತಮಾಷೆ. ಆ ದುಡ್ಡಿಗೆ ಒಂದು ಕೋಣೆಯ ಎರಡು ತಿಂಗಳ ಬಾಡಿಗೆ ಕಟ್ಟಬಹುದಿತ್ತು. ಹಳೆಯ ಪ್ರತಿ ಕೊಂಡರೆ ಕೆಲಸಕ್ಕೆ ಬರುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದು ಅಧ್ಯಾಯಗಳು ಹಿಂದುಮುಂದಾಗಿ ಪ್ರಶ್ನೆಗಳ ನಂಬರು ಬದಲಾಗಿರುತ್ತಿತ್ತು. ಹಾಗಾಗಿ ನೂರಾ ಎಂಬತ್ತು ಜನ ಲೈಬ್ರರಿಯಲ್ಲಿದ್ದ ಎರಡು ಪ್ರತಿಗಳಿಗೆ ಜೋತುಬಿದ್ದಿದ್ದರು.

ಆ ಎರಡು ಪ್ರತಿಗಳನ್ನು ಕಾಯುತ್ತಿದ್ದವರು ಲೈಬ್ರರಿ ಮೇಡಂ. ಇಪ್ಪತ್ತೆರಡು ವರ್ಷದ ಸರ್ವಿಸು. ಒಬ್ಬರಿಗೆ ಒಂದು ಗಂಟೆ, ಅಲ್ಲೇ ಕೂತು ಓದಬೇಕು, ಫೋನು ಬಾಗಿಲ ಹತ್ತಿರದ ಟ್ರೇಯಲ್ಲಿಟ್ಟು ಬರಬೇಕು, ಹತ್ತು ಪುಟಕ್ಕಿಂತ ಹೆಚ್ಚು ಜೆರಾಕ್ಸ್ ಮಾಡಿಸುವಂತಿಲ್ಲ. ಈ ನಿಯಮಗಳನ್ನು ಮಾಡಿದವರು ಅವರಲ್ಲ, ಆದರೆ ಅವರಷ್ಟು ಚಾಚೂ ತಪ್ಪದೆ ನಡೆಸಿದವರೂ ಇರಲಿಲ್ಲ.

ಮೊದಲ ವರ್ಷದ ತರಗತಿಯಲ್ಲಿ ಮೂವತ್ತಾರರ ಒಬ್ಬ ಹೆಂಗಸಿದ್ದಳು. ಹದಿನೆಂಟರ ಹುಡುಗಿಯರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು, ಕೊನೆಗೆ ಮೇಷ್ಟ್ರುಗಳ ಬಾಯಲ್ಲೂ ಅದೇ ನಿಂತಿತು. ಅವ್ವನನ್ನು ಒಂಬತ್ತು ವರ್ಷ ಹಾಸಿಗೆಯಲ್ಲೇ ನೋಡಿಕೊಂಡಿದ್ದಳು. ಅವ್ವ ತೀರಿಕೊಂಡ ದಿನ ವಾರ್ಡಿನ ನರ್ಸ್ ಒಬ್ಬರು, "ಒಂಬತ್ತು ವರ್ಷದಲ್ಲಿ ಬೆನ್ನಿಗೆ ಒಂದು ಹುಣ್ಣಾಗೋಕೆ ಬಿಟ್ಟಿಲ್ಲ ನೀನು. ನಮ್ಮ ಕೈಲೂ ಆಗಲ್ಲ. ಓದಬಾರದಾ?" ಅಂದಿದ್ದರು. ಆ ಮಾತು ಹಿಡಿದುಕೊಂಡೇ ಅವಳು ಕಾಲೇಜು ಸೇರಿದ್ದು.

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳಿಗೆ ಬೆಳಗಿನ ಐದರಿಂದ ಒಂದರವರೆಗೆ ಕೆಲಸ. ಎರಡಕ್ಕೆ ತರಗತಿ. ಐದಕ್ಕೆ ತರಗತಿ ಬಿಟ್ಟರೆ ಲೈಬ್ರರಿಗೆ ಬೀಗ ಬೀಳಲು ಅರ್ಧ ಗಂಟೆ ಉಳಿಯುತ್ತಿತ್ತು, ಆ ಅರ್ಧ ಗಂಟೆಗೂ ಸರದಿ. ವಾರಕ್ಕೆ ಒಂದು ಸಲ ಇಟ್ಟಿಗೆ ಅವಳ ಕೈಗೆ ಸಿಕ್ಕರೆ ಹೆಚ್ಚು. ಸಿಕ್ಕಾಗ ಒಂದು ಬೆರಳು ಸಾಲಿನ ಕೆಳಗೆ ಓಡಿಸುತ್ತಾ, ತುಟಿ ಅಲುಗಿಸುತ್ತಾ ಓದುತ್ತಿದ್ದಳು. ಮೇಡಂ ಗಂಟೆ ಬಾರಿಸಿದರೂ ತಲೆ ಎತ್ತುತ್ತಿರಲಿಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ ಮೂತ್ರಪಿಂಡದ ಅಧ್ಯಾಯ ಮಾಯವಾಯಿತು. ಹನ್ನೆರಡು ಹಾಳೆ, ಬ್ಲೇಡಿನಲ್ಲಿ ಹೊಲಿಗೆಯ ಪಕ್ಕದಲ್ಲೇ ಕೊಯ್ದು ತೆಗೆದದ್ದು. ಮೇಡಂ ವಾಪಸು ಬಂದ ಪುಸ್ತಕವನ್ನು ಪ್ರತಿ ಸಲ ತಿರುವಿ ನೋಡುತ್ತಿದ್ದರು. ಅಕ್ಕನಿಗಿಂತ ಮೊದಲು ಓದಿದವಳು ಕೊಟ್ಟಾಗ ಹಾಳೆಗಳಿದ್ದವು, ಅಕ್ಕ ಕೊಟ್ಟಾಗ ಇರಲಿಲ್ಲ.

"ಏನಮ್ಮ ಇದು?"

ಅಕ್ಕ ಸುಳ್ಳು ಹೇಳಲಿಲ್ಲ. ಚೀಲ ತೆರೆದಳು. ಎರಡು ರಟ್ಟಿನ ನಡುವೆ ಹಾಳೆಗಳು ಒಂದು ಮಡಿಕೆಯೂ ಬೀಳದೆ ಇದ್ದವು.

"ಬಸ್ಸಲ್ಲಿ ಓದ್ಕೊಂಡು ಸೋಮವಾರ ತಂದು ಅಂಟಿಸೋಣ ಅಂತಿದ್ದೆ ಮೇಡಂ."

"ಎಲ್ಲರೂ ಹಾಗೇ ಹೇಳೋದು."

"ನಾನು ತರ್ತಿದ್ದೆ."

ದಂಡ ಹಾಕಿಸಿ, ಹಾಳೆ ಅಂಟಿಸಿ, ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಹಿಂದಿನ ವಾರವಷ್ಟೇ ಹರಿದ ಪುಸ್ತಕಗಳ ವಿಷಯಕ್ಕೆ ಪ್ರಿನ್ಸಿಪಾಲರು ಮೇಡಂಗೆ ನಾಲ್ಕು ಜನರ ಮುಂದೆ ಉಗಿದಿದ್ದರು. ನೀವು ಅಲ್ಲಿ ಕೂತು ಮಾಡೋದಾದರೂ ಏನು ಅಂದಿದ್ದರು. ಆ ಉರಿ ಇನ್ನೂ ಆರಿರಲಿಲ್ಲ. ಮೇಡಂ ಬಿಳಿ ಹಾಳೆ ತೆಗೆದುಕೊಂಡು ವರದಿ ಬರೆದರು. ಹೆಚ್ಚೆಂದರೆ ದಂಡ ಬೀಳುತ್ತೆ ಅಂದುಕೊಂಡಿದ್ದರು.

ಶಿಸ್ತು ಸಮಿತಿ ಒಂದು ವರ್ಷ ಅಮಾನತು ಮಾಡಿತು. ಉಳಿದವರಿಗೆ ಪಾಠವಾಗಲಿ ಅಂತ.

ಅಕ್ಕ ಲೈಬ್ರರಿಯ ಕಾರ್ಡು ಒಪ್ಪಿಸಲು ಬಂದಾಗ ಮೇಡಂ ತಲೆ ತಗ್ಗಿಸಿಕೊಂಡು ಸಹಿ ಹಾಕಿಸಿಕೊಂಡರು.

ಮರುದಿನ ಶರೀರಶಾಸ್ತ್ರದ ಮೇಷ್ಟ್ರು ಬಂದು ಕೌಂಟರಿನ ಎದುರು ನಿಂತರು. ಮೃದು ಮನುಷ್ಯ, ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. "ಕಿರುಪರೀಕ್ಷೆಯಲ್ಲಿ ಅವಳೇ ಮೊದಲು ಬಂದಿದ್ದಳು, ಗೊತ್ತಾ ನಿಮಗೆ?" ಅಂದರು. ಮೇಡಂಗೆ ಗೊತ್ತಿರಲಿಲ್ಲ. ಮೇಷ್ಟ್ರು ಮಾತು ಮುಂದುವರಿಸಿದರು. ಬೇರೆ ಬೇರೆ ಕಡೆಯ ಅಧ್ಯಾಪಕರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಪುಸ್ತಕಗಳಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ನಮ್ಮ ಪಾಠಕ್ಕೆ ಬೇಕಾದ ಹಾಗೆ ತಿದ್ದಬಹುದು, ಬರೆದವರ ಹೆಸರು ಉಳಿಸಿದರೆ ಸಾಕು.

"ಗೊತ್ತು," ಅಂದರು ಮೇಡಂ. "ಆರು ವರ್ಷದ ಹಿಂದೆ ಅದರ ತರಬೇತಿಗೆ ಹೋಗಿದ್ದೆ. ಸರ್ಟಿಫಿಕೇಟು ಫೈಲಲ್ಲಿದೆ."

"ಮತ್ತೆ?"

"ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ."

ಮೇಷ್ಟ್ರು ಬೈಯದೆ, ಆ ಫೈಲು ತೆಗೆಯಿರಿ ಅಂದರು. ಅದೇ ಮೇಡಂಗೆ ಹೆಚ್ಚು ಚುಚ್ಚಿತು.

ಇಬ್ಬರೂ ಕೂತು ಎಂಟು ತಿಂಗಳು ಕೆಲಸ ಮಾಡಿದರು. ಮೇಷ್ಟ್ರು ಮೂರು ಪುಸ್ತಕಗಳಿಂದ ಅಧ್ಯಾಯಗಳನ್ನು ಆರಿಸಿ, ತಮ್ಮ ಟಿಪ್ಪಣಿ ಸೇರಿಸಿ, ಬೇಡದ್ದನ್ನು ಕಿತ್ತುಹಾಕಿದರು. ಮೇಡಂ ಒಂದೊಂದು ಚಿತ್ರಕ್ಕೂ ಅನುಮತಿ ಇದೆಯೇ ಎಂದು ಹುಡುಕಿದರು, ಇಲ್ಲದಿದ್ದರೆ ಹೊಸದಾಗಿ ಬರೆಸಿದರು. ಪ್ರಿನ್ಸಿಪಾಲರು ಮೂಗು ಮುರಿದರು. ಪುಕ್ಕಟೆ ಸಿಗೋದಕ್ಕೆ ಯಾರು ಮರ್ಯಾದೆ ಕೊಡ್ತಾರೆ ಅನ್ನೋದು ಅವರ ವಾದ. ಮೇಡಂ ಆ ಕೋಣೆಗೆ ಏಳು ಸಲ ಹೋದರು. ಇಷ್ಟು ವರ್ಷ ಎದುರು ಮಾತಾಡದ ಹೆಂಗಸು ಬಿಟ್ಟೂ ಬಿಡದೆ ಬರುವುದನ್ನು ನೋಡಿ, ಪೀಡೆ ತೊಲಗಲಿ ಅಂತಲೋ ಏನೋ, ಅವರು ಒಂದು ವರ್ಷದ ಮಟ್ಟಿಗೆ ಒಪ್ಪಿದರು.

ಹೊಸ ತರಗತಿ ಶುರುವಾದಾಗ ಹುಡುಗಿಯರು ಪುಸ್ತಕವನ್ನು ಫೋನಿನಲ್ಲೇ ಇಳಿಸಿಕೊಂಡರು. ಅಚ್ಚು ಬೇಕಾದವರಿಗೆ ಜೆರಾಕ್ಸ್ ಅಂಗಡಿಯವನು ಕಾಗದದ ಖರ್ಚಿಗೆ ಹೊಲಿದು ಕೊಟ್ಟ. ಸರದಿ ಕರಗಿತು. ಇಟ್ಟಿಗೆಯ ಎರಡೂ ಪ್ರತಿಗಳು ಕಪಾಟಿನಲ್ಲಿ ಧೂಳು ತಿನ್ನತೊಡಗಿದವು.

ಅಮಾನತು ಮುಗಿಯಲು ಒಂದು ತಿಂಗಳಿರುವಾಗ ಮೇಡಂ ಹೊಸ ಪುಸ್ತಕದ ಒಂದು ಹೊಲಿದ ಪ್ರತಿ ಹಿಡಿದುಕೊಂಡು ಮಧ್ಯಾಹ್ನ ಲಾಂಡ್ರಿಗೆ ಹೋದರು. ಒಳಗೆ ಹಬೆ, ಬ್ಲೀಚಿನ ಘಾಟು, ಗುಡುಗುಟ್ಟುವ ಡ್ರಮ್ಮುಗಳು. ಕೊನೆಯ ಮೂಲೆಯಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತು ದಿಂಬಿನ ಕವರುಗಳನ್ನು ಎಡಗೈಯಲ್ಲಿ ಬೇರೆ ಮಾಡುತ್ತಿದ್ದಳು. ಬಲಗೈ ಮಡಿಲಲ್ಲಿತ್ತು. ಮೂರು ಬೆರಳು ಅಂಟಿಕೊಂಡು ಒಳಕ್ಕೆ ಮುದುಡಿದ್ದವು, ಚರ್ಮ ಹೊಳೆಯುತ್ತಿತ್ತು.

"ಇಸ್ತ್ರಿ ರೋಲರು," ಅಂದಳು, ಮೇಡಂ ಕೇಳುವ ಮೊದಲೇ. "ಕಾಲೇಜಿಲ್ಲ ಅಂತ ಎರಡು ಪಾಳಿ ಹಿಡಿದೆ. ಎರಡನೇ ಪಾಳಿಯಲ್ಲಿ ಹಾಸಿಗೆ ಬಟ್ಟೆ ಜೊತೆ ಕೈ ಹೋಯ್ತು. ನಾಲ್ಕು ತಿಂಗಳಾಯ್ತು."

ಮೇಡಂ ಬಟ್ಟೆಯ ಗಂಟಿನ ಮೇಲೆ ಕೂತರು.

"ಕಾಲೇಜಿಗೆ ಬರ್ತೀರಲ್ಲ?" ಅವಳಿಗೆ ನೀವು ಅಂದದ್ದು ಅದೇ ಮೊದಲು.

"ಫಿಟ್‌ನೆಸ್ ಸರ್ಟಿಫಿಕೇಟು ಬೇಕಂತೆ. ಎರಡೂ ಕೈ ನೆಟ್ಟಗಿರಬೇಕು. ಸೂಜಿ ಹಿಡಿಯೋಕಾಗಲ್ಲ ನನ್ನ ಕೈಲಿ."

ಮೇಡಂ ಏನು ಮಾಡಬೇಕೋ ತೋಚದೆ ಪುಸ್ತಕ ಮುಂದೆ ಹಿಡಿದರು. ಎಲ್ಲರಿಗೂ ಪುಕ್ಕಟೆ, ಮನೆಗೂ ಒಯ್ಯಬಹುದು ಅಂದರು. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ತಿರುವಿದಳು. ಹೃದಯದ ಚಿತ್ರದ ಹತ್ತಿರ ನಿಂತಳು.

"ಇದು ತಪ್ಪು. ಶ್ವಾಸಕೋಶದಿಂದ ಬರೋ ರಕ್ತ ಎಡ ಹೃತ್ಕರ್ಣಕ್ಕೆ ಹೋಗಬೇಕು. ನೀವು ಬಾಣ ಬಲಕ್ಕೆ ಬಿಟ್ಟಿದ್ದೀರಿ."

ಮೇಡಂ ಬಗ್ಗಿ ನೋಡಿದರು. ತಾನೂ ಮೇಷ್ಟ್ರೂ ಎಂಟು ತಿಂಗಳು ನೋಡಿದ್ದ ಚಿತ್ರ.

"ಇವತ್ತೇ ಸರಿ ಮಾಡ್ತೀವಿ," ಅಂದರು. ಆಮೇಲೆ, "ಆ ವರದಿ ಬರೆದದ್ದು ನಾನೇ. ಬರೀದೆ ಇರಬಹುದಿತ್ತು," ಅಂದರು.

"ಗೊತ್ತು. ಸಮಿತಿಯವರು ಓದೋಕೆ ಕೊಟ್ಟಿದ್ದರು. ನಿಮ್ಮ ಅಕ್ಷರ ಚೆನ್ನಾಗಿತ್ತು."

ಮೇಡಂ ಅಳಲಿಲ್ಲ. ಅಳೋದಕ್ಕೆ ತನಗೇನು ಹಕ್ಕಿದೆ ಅನ್ನಿಸಿರಬೇಕು. ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆದರು. ಅಕ್ಕ ತಲೆ ಅಲ್ಲಾಡಿಸಿದಳು.

"ಪುಸ್ತಕ ಇಟ್ಟು ಹೋಗಿ. ನೀವು ಮತ್ತೆ ಬರೋದು ಬೇಡ."

ಕಾಲೇಜಿಗೆ ಮರಳಿ ಮೇಡಂ ಮೇಷ್ಟ್ರ ಜೊತೆ ಕೂತು ಬಾಣ ತಿದ್ದಿಸಿದರು, ಐದು ನಿಮಿಷದ ಕೆಲಸ. ಫಿಟ್‌ನೆಸ್ ನಿಯಮಕ್ಕೆ ವಿನಾಯಿತಿ ಕೇಳಿ ಅರ್ಜಿ ಬರೆದರು, ಬೋಧಕರ ಸಹಿ ಹಾಕಿಸಿದರು. ನಿಯಮ ಕಾಲೇಜಿನದಲ್ಲ, ಮೇಲಿನವರದು ಅಂತ ಉತ್ತರ ಬಂತು. ತಿಂಗಳ ಕೊನೆಗೆ ಅಕ್ಕನ ಹೆಸರು ಹಾಜರಿ ಪುಸ್ತಕದಿಂದ ಹೋಯಿತು.

ಎರಡು ತಿಂಗಳಾದ ಮೇಲೆ ಲೈಬ್ರರಿಗೆ ಒಂದು ಲಕೋಟೆ ಬಂತು. ಒಳಗೆ ರೂಲ್ ಹಾಳೆಯ ಎರಡೂ ಮಗ್ಗುಲಿಗೆ ಸೊಟ್ಟಸೊಟ್ಟ ದೊಡ್ಡ ಅಕ್ಷರಗಳು, ಎಡಗೈ ಹೊಸದಾಗಿ ಕಲಿತ ಬರವಣಿಗೆ. ಪುಟದ ನಂಬರು, ಸಾಲು, ತಪ್ಪು, ಸರಿ. ಒಟ್ಟು ಹನ್ನೊಂದು ತಪ್ಪುಗಳಿದ್ದವು. ಮೇಷ್ಟ್ರು ಒಂದೊಂದನ್ನೂ ಪರಿಶೀಲಿಸಿದರು, ಹನ್ನೊಂದೂ ನಿಜವಾಗಿದ್ದವು. ಕೃತಜ್ಞತೆಯ ಪುಟದಲ್ಲಿ ಅವಳ ಹೆಸರು ಹಾಕೋಣ ಅಂತ ಮೇಷ್ಟ್ರು ಲಾಂಡ್ರಿಗೆ ಫೋನು ಮಾಡಿ ಕೇಳಿದರು.

ಬೇಡ ಅಂದಳು. ಕಾರಣ ಹೇಳಲಿಲ್ಲ, ಅವರೂ ಒತ್ತಾಯ ಮಾಡಲಿಲ್ಲ. ಪ್ರಿನ್ಸಿಪಾಲರು ಒಂದು ವರ್ಷದ ಒಪ್ಪಿಗೆಯನ್ನು ಮುಂದುವರಿಸಿದರು, ಮುಂದಿನ ವರ್ಷದ ಹುಡುಗಿಯರು ತಿದ್ದಿದ ಪುಸ್ತಕವನ್ನೇ ಓದಿದರು.