ಮಂಚದ ಕೆಳಗಿದ್ದ ಜಡೇಗೌಡರು

ನಾನು ಒಂದು ಕಬ್ಬಿಣದ ಮಂಚ. ಮೈಸೂರಿನ ಒಂದು ಶೆಡ್ಡಿನಲ್ಲಿ, ಬೆಸುಗೆಯ ಕಿಡಿಗಳ ನಡುವೆ ಹುಟ್ಟಿದೆ. ಎತ್ತರದ ನಾಲ್ಕು ಕಾಲು ಕೊಟ್ಟು ಬಿಳಿ ಬಣ್ಣ ಬಳಿದರು. ಕೆಲವು ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ಮೆರೆದೆ. ಬಣ್ಣ ಚಕ್ಕೆ ಎದ್ದ ಮೇಲೆ ಅಲ್ಲಿನ ಮಾಲೀಕರು ನನ್ನನ್ನು ಕಾಡಂಚಿನ ಸರ್ಕಾರಿ ಆಸ್ಪತ್ರೆಗೆ ದಾನ ಮಾಡಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಅಲ್ಲಿಗೆ ಒಂದು ಸಂಜೆ ಸೋಲಿಗರ ಜಡೇಗೌಡರು ಬಂದರು. ಬಂದರು ಎನ್ನುವುದೇ ತಪ್ಪು. ಬೆಟ್ಟದ ಮೇಲಿನ ಹಾಡಿಯಿಂದ ಕಂಬಳಿಯ ಜೋಲಿಯಲ್ಲಿ ಹೊತ್ತು ತಂದರು. ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, "ಬೆಳಿಗ್ಗೆ ಬಾಟಲಿ ಹಾಕೋಣ, ಉಳ್ಕೋತಾರೆ" ಎಂದರು. ಹೆಂಡತಿ ಬೇದಮ್ಮ ಡಾಕ್ಟರಿಗೂ ಕೈಮುಗಿದರು, ನನಗೂ ಮುಗಿದರು.

ಆದರೆ ಹುಟ್ಟಿದಾಗಿನಿಂದ ಒಲೆಯ ಪಕ್ಕ ನೆಲದಲ್ಲೇ ಮಲಗಿದ ಜೀವಕ್ಕೆ ನನ್ನ ಎತ್ತರ ಒಗ್ಗೀತೇ? "ಬಿದ್ದೋಯ್ತೀನಿ ಕಣಮ್ಮಿ, ನೆಲ ಬೇಕು" ಎಂದು ಅಜ್ಜ ಗೋಗರೆದರು. ಬೇದಮ್ಮ ಅವರನ್ನು ಇಳಿಸಿ ನನ್ನಡಿ ಕಂಬಳಿ ಹಾಸಿದರು. ಅಲ್ಲಿ ಅಜ್ಜನಿಗೆ ಕಣ್ಣು ಹತ್ತಿತು. ಬೆಳಿಗ್ಗೆ ಬೇದಮ್ಮ ಗಂಜಿ ತರಲು ಹೊರಗೆ ಹೋದರು.

ಅಷ್ಟರಲ್ಲೇ ಡಾಕ್ಟರ ಸವಾರಿ ಬಂತು. ನಾನು ಖಾಲಿ. ಹೊದಿಕೆಯ ಅಂಚು ನೆಲದವರೆಗೆ ಇಳಿಬಿದ್ದಿತ್ತು.

"ಸೋಲಿಗರಜ್ಜ ಎಲ್ಲಿ?"

"ಓಡೋಗಿರ್ತಾರೆ ಸಾರ್. ಕಾಡೋರು ಆಸ್ಪತ್ರೇಲಿ ನಿಲ್ತಾರಾ?" ಎಂದು ನರ್ಸು ನಕ್ಕಳು.

ಕೆಳಗಿದ್ದಾರೆ, ಬಗ್ಗಿ ನೋಡಿ ಎಂದು ಕಿರುಚಬೇಕೆನಿಸಿತು. ಕಬ್ಬಿಣಕ್ಕೆ ಬಾಯೆಲ್ಲಿ? ಜ್ವರದ ಮಂಪರಿನಲ್ಲಿದ್ದ ಅಜ್ಜನಿಗೂ ದನಿ ಏಳಲಿಲ್ಲ; ಅವರ ಗೊರಗೊರ ವಾರ್ಡಿನ ಕೆಮ್ಮುಗಳಲ್ಲಿ ಮುಳುಗಿಹೋಯಿತು. ಅವರಿಗೆಂದು ತಂದ ಬಾಟಲಿ ಪಕ್ಕದ ಮಂಚಕ್ಕೆ ಹೋಯಿತು. ಡಾಕ್ಟರು ಜೀಪು ಹತ್ತಿ ಬೇರೆ ಊರಿನ ಕ್ಯಾಂಪಿಗೆ ಹೊರಟರು.

ಬೇದಮ್ಮ ಬಂದವರೇ ಬಗ್ಗಿ ಗಂಡನ ಹಣೆ ಮುಟ್ಟಿದರು. ಆ ವಾರ್ಡಿನಲ್ಲಿ ಬಗ್ಗಿದ್ದು ಅವರೊಬ್ಬರೇ. "ಬಾಟ್ಲಿ ಹಾಕು ತಾಯಿ" ಎಂದು ಅಂಗಲಾಚಿದರು. ನರ್ಸು ರಿಜಿಸ್ಟರು ತೆರೆದು ನೋಡಿದಳು.

"ಓಡೋದ್ರು ಅಂತ ಹೆಸರು ತೆಗೆದಾಯ್ತಲ್ಲ ಅಜ್ಜಿ... ಡಾಕ್ಟ್ರು ಇನ್ನು ನಾಳೇನೇ ಬರೋದು."

"ಓಡಾಕೆ ಇವ್ರಿಗೆ ಕಾಲೆಲ್ಲಿತ್ತವ್ವ? ಹೊತ್ಕೊಂಡ್ ಬಂದಿದ್ದ ನೀನೇ ನೋಡ್ಲಿಲ್ವಾ?"

ಅಜ್ಜ ನಾಳೆಯವರೆಗೆ ಕಾಯಲಿಲ್ಲ. ಹೊತ್ತು ಮುಳುಗುವ ಮುಂಚೆಯೇ ಗೊರಗೊರ ನಿಂತಿತು. ಅದೇ ಕಂಬಳಿಯಲ್ಲಿ ಸುತ್ತಿ ಒಯ್ದರು. ಗಂಜಿಯ ಪಾತ್ರೆ ನನ್ನಡಿಯಲ್ಲೇ ಉಳಿಯಿತು.

ಈಗ ನಾನು ಆಸ್ಪತ್ರೆಯ ಹಿತ್ತಲಿನ ಗುಜರಿ. ತುಕ್ಕು ಹಿಡಿದು ನಾಲ್ಕೂ ಕಾಲು ಕಳಚಿವೆ. ಹುಲ್ಲಿನ ಮೇಲೆ, ನೆಲಕ್ಕೆ ಮೈ ತಾಗಿಸಿ ಬಿದ್ದಿದ್ದೇನೆ. ಇನ್ನು ಇದರ ಮೇಲೆ ಯಾರು ಮಲಗುತ್ತಾರೆ ಎಂದು ಹಾದು ಹೋಗುವವರು ಆಡಿಕೊಳ್ಳುತ್ತಾರೆ. ಬದುಕಿದ್ದಿದ್ದರೆ ಜಡೇಗೌಡರು ಮಲಗುತ್ತಿದ್ದರು.