ಮೂರನೇ ಖಾನೆ

ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ, ಆಗಲೇ ಮೊದಲನೇ ಖಾನೆ ಖಾಲಿಯಾಗಿತ್ತು.

ಅದರಲ್ಲಿ ಯಾರ ತಪ್ಪೂ ಇಲ್ಲ. ವಿಮಾನ ಏರುವಾಗ ಕೂಸಿಗೆ ಕಿವಿ ಕಟ್ಟುತ್ತದೆ, ಆ ಹೊತ್ತಿಗೆ ಅದರ ಬಾಯಲ್ಲಿ ಬಾಟಲಿ ಇರಬೇಕು ಎಂದು ಅಳಿಯ ಎಲ್ಲೋ ಓದಿಕೊಂಡಿದ್ದ. ಹಾಗಾಗಿ ಬಾಗಿಲು ಮುಚ್ಚಿದ ಕೂಡಲೇ ಫ್ಲಾಸ್ಕಿನ ನೀರಿಗೆ ಪುಡಿ ಕಲಸಿ ಕುಡಿಸಲು ಶುರು ಮಾಡಿದ. ಐದು ತಿಂಗಳ ಕೂಸು ಎಂದಿನಂತೆ ಮುಖ ಕಿವುಚಿ, ಉಗಿದು, ಅತ್ತು, ಕೊನೆಗೆ ಸೋತು ಕುಡಿಯಿತು. ಅದು ಕುಡಿದು ಮುಗಿಸುವುದಕ್ಕೂ ವಿಮಾನ ಗಕ್ಕನೆ ನಿಲ್ಲುವುದಕ್ಕೂ ಸರಿಹೋಯಿತು. ಮುಂದೆ ಹನ್ನೊಂದು ವಿಮಾನಗಳು ಸಾಲಿನಲ್ಲಿವೆ, ದಯವಿಟ್ಟು ಸಹಕರಿಸಿ ಎಂದು ಕ್ಯಾಪ್ಟನ್ ಹೇಳಿದ. ಸಹಕರಿಸದೆ ಇನ್ನೇನು, ಇಳಿದು ತಳ್ಳುವುದಕ್ಕಾಗುತ್ತದೆಯೇ?

ಅಳಿಯ ಶಾಲೆಯಲ್ಲಿ ಆಟದ ಮೇಷ್ಟ್ರು. ಮೈದಾನಕ್ಕೆ ಕರೆದೊಯ್ದ ಮಕ್ಕಳನ್ನು ಎಣಿಸಿ ಎಣಿಸಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ ಚಾಳಿ ಹತ್ತಿಸಿಕೊಂಡವನು. "ಒಂದು ಹೋಯ್ತು, ಎರಡಿದೆ ಅತ್ತೆ. ಬೇಕಾಗೋದು ಇನ್ನೊಂದೇ. ಮೂರನೇದು ಸುಮ್ನೆ ಇರಲಿ ಅಂತ," ಎಂದು ಮೂರು ಖಾನೆಯ ದುಂಡು ಡಬ್ಬಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದ.

ಪಕ್ಕದ ಸೀಟಿನಲ್ಲಿದ್ದ ಅತ್ತೆ ಆ ಚೀಲದ ಮೇಲೆಯೇ ಕಣ್ಣು ನೆಟ್ಟರು. ಮೂರನೇ ಖಾನೆಯಲ್ಲಿ ಏನಿದೆ ಎನ್ನುವುದು ಅವರೊಬ್ಬರಿಗೆ ಬಿಟ್ಟರೆ ಇನ್ನು ಯಾರಿಗೂ ಗೊತ್ತಿರಲಿಲ್ಲ.

ಈ ಅತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಕಾಂಪೌಂಡರಮ್ಮ ಎಂದು. ದೊಡ್ಡಾಸ್ಪತ್ರೆಯ ಔಷಧ ಬೆರೆಸುವ ಕೋಣೆಯಲ್ಲಿ ಮೂವತ್ತೊಂದು ವರ್ಷ ಪುಡಿ ಅಳೆದವರು. ಆ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಯಾರೂ ಒಬ್ಬರೇ ಅಳೆಯುವಂತಿಲ್ಲ. ಒಬ್ಬರು ಅಳೆಯಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಕಾಂಪೌಂಡರಮ್ಮ ಅಳೆಯುವಾಗ ಪಕ್ಕದಲ್ಲಿ ನಿಂತವರು ಆಕಳಿಸುತ್ತಿದ್ದರಂತೆ, ನೋಡುವುದಕ್ಕೆ ಏನೂ ಇರುತ್ತಿರಲಿಲ್ಲವಾದ್ದರಿಂದ. ಅಂಥ ಕೈ. ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸುವ ಮಗಳು ತನ್ನ ಗಟ್ಟಿ ಕೈಯೂ ಅಮ್ಮನಿಂದಲೇ ಬಂದದ್ದೆಂದು ಹೇಳಿಕೊಂಡು ತಿರುಗುತ್ತಿದ್ದಳು. ಹೆರಿಗೆ ರಜೆ ಮುಗಿದು ಅವಳು ಮೂರು ವಾರದ ಹಿಂದೆ ಕೂಸನ್ನು ತವರಿನಲ್ಲೇ ಬಿಟ್ಟು ಕೆಲಸಕ್ಕೆ ಹೋದಾಗ, ಶಿಶುವಿಹಾರಕ್ಕೆ ಹಾಕುವ ಮಾತು ಬಂದಿತ್ತು. "ಎಲ್ಲಾದ್ರೂ ಉಂಟಾ? ನಮ್ಮಮ್ಮ ಬಂದು ನೋಡ್ಕೊಳ್ತಾಳೆ. ಈ ಕೂಸಿನ ಹಾಲು ಅಳೆಯೋಕೆ ಅವಳ ಕೈಯೇ ಆಗ್ಬೇಕು," ಎಂದು ಅವಳೇ ತೀರ್ಮಾನ ಮಾಡಿದ್ದಳು. ಈಗ ಅಳಿಯ ಕೂಸನ್ನೂ ಅತ್ತೆಯನ್ನೂ ಅವಳಿದ್ದಲ್ಲಿಗೆ ಕರೆದೊಯ್ಯುತ್ತಿದ್ದ.

ಕೂಸಿಗೆ ಮಾಮೂಲಿ ಹಾಲು ಆಗದು. ಎರಡು ತಿಂಗಳಿದ್ದಾಗ ಯಾರೋ ಕೊಟ್ಟ ಸಾಧಾರಣ ಹಾಲುಪುಡಿ ಕಲಸಿ ಕುಡಿಸಿದ್ದಕ್ಕೆ ತುಟಿ ಊದಿ, ಮೈಯೆಲ್ಲ ಕೆಂಪು ದದ್ದು ಎದ್ದು, ಉಸಿರು ಕಟ್ಟಿ, ನಾಲ್ಕು ದಿನ ಆಸ್ಪತ್ರೆಯಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಕೂತಿದ್ದರು. ಅಂದಿನಿಂದ ಡಾಕ್ಟರು ಬರೆದುಕೊಟ್ಟ ಬೇರೆಯ ಪುಡಿ. ಕಹಿ. ವಾಸನೆಯೋ, ಹಳೇ ಗೋಣಿಚೀಲ ನೆನೆದ ಹಾಗೆ.

ಬೆಳಿಗ್ಗೆ ನಡೆದದ್ದು ಇಷ್ಟೇ. ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಪುಡಿಯ ದೊಡ್ಡ ಡಬ್ಬ ಸೂಟ್‌ಕೇಸು ಸೇರಿ, ಸೂಟ್‌ಕೇಸಿಗೆ ಅಳಿಯ ಹಗ್ಗ ಬಿಗಿದಾಗಿತ್ತು. ಕಾಂಪೌಂಡರಮ್ಮ ಅಡುಗೆಮನೆಯಲ್ಲಿ ಮೂರು ಹೊತ್ತಿನ ಪುಡಿಯನ್ನು ಬಟ್ಟಲಿನಿಂದ ಖಾನೆಗಳಿಗೆ ತುಂಬುತ್ತಿದ್ದರು. ಎರಡು ತುಂಬಿತು. ಮೂರನೆಯದಕ್ಕೆ ಬರುವಾಗ ಬಲಗೈ ಹೆಬ್ಬೆರಳು ಅದುರಿತು. ಅದುರುವುದು ಹೊಸದಲ್ಲ. ಕೆಲವು ತಿಂಗಳಿಂದ ಇದ್ದದ್ದೇ, ಶಾಲಿನೊಳಗೆ ಬಚ್ಚಿಟ್ಟುಕೊಂಡು ಸಂಭಾಳಿಸಿದ್ದರು. ಆದರೆ ಈ ಸಲ ಬಟ್ಟಲೇ ಕೈಜಾರಿ ನೆಲಕ್ಕೆ ಬಿತ್ತು. ಒದ್ದೆ ನೆಲದ ಮೇಲೆ ಪುಡಿ ಅಂಟಾಗಿ ಹರಡಿತು.

"ಅತ್ತೆ, ಮೂರೂ ತುಂಬಿದ್ರಾ?" ಎನ್ನುತ್ತ ಅಳಿಯ ಬರುವ ಸದ್ದಾಯಿತು. ಆಗ ಅವರ ಕೈ ತಾನಾಗಿಯೇ ಶೆಲ್ಫಿನ ಮೇಲಿದ್ದ, ಟೀಗೆ ಹಾಕುವ ಹಾಲುಪುಡಿಯ ಕಡೆಗೆ ಹೋಯಿತು. ಐದು ಚಮಚ. ಮುಚ್ಚಳ. ಚೆಲ್ಲಿದ್ದರ ಮೇಲೆ ಒರಸುಬಟ್ಟೆ. ಹೇಗೂ ಮೂರನೆಯದು ಬೇಕಾಗುವುದಿಲ್ಲ, ಇಳಿದ ಮೇಲೆ ಬಚ್ಚಲಿಗೆ ಸುರಿದರಾಯಿತು ಎಂದುಕೊಂಡರು. ಅಳಿಯ ಬಂದು ಎಣಿಸಿದ: ಒಂದು, ಎರಡು, ಮೂರು. "ಭೇಷ್," ಎಂದ.

ಒಂದರ ಹೆಸರಿನಲ್ಲಿ ಇನ್ನೊಂದನ್ನು ತುಂಬುವುದು! ಅವರ ಕೋಣೆಯಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಕಾಂಪೌಂಡರಮ್ಮನೇ ಅವರನ್ನು ಮೆಟ್ಟಿಲಿಳಿಸಿ ಕಳಿಸುತ್ತಿದ್ದರು.

ವಿಮಾನ ಎರಡು ಗಂಟೆ ತಡವಾಗಿ ಮೇಲೇರಿತು. ಎರಡನೇ ಖಾನೆ ನಡುದಾರಿಯಲ್ಲೇ ಮುಗಿಯಿತು. ಕೂಸು ಅರ್ಧ ಕುಡಿದು ಅರ್ಧ ಅಳಿಯನ ಅಂಗಿಗೆ ಉಗಿಯಿತು. ಆದರೂ ಪರವಾಗಿಲ್ಲ, ಇನ್ನೊಂದು ಗಂಟೆಗೆ ಇಳಿದುಬಿಡುತ್ತೇವೆ ಎಂದು ಕಾಂಪೌಂಡರಮ್ಮ ಕೈಗಡಿಯಾರ ನೋಡುತ್ತ ಕೂತರು. ಇಳಿಯುವ ಹೊತ್ತಿಗೆ ಕ್ಯಾಪ್ಟನ್ ಮತ್ತೆ ಬಾಯಿ ಬಿಟ್ಟ. ಕೆಳಗೆ ಗಾಳಿ ಜೋರಾಗಿದೆ, ಸ್ವಲ್ಪ ಹೊತ್ತು ಮೇಲೆಯೇ ಸುತ್ತುತ್ತೇವೆ. ಆ ಸ್ವಲ್ಪ ಹೊತ್ತು ಎಷ್ಟು ಎಂದು ಮಾತ್ರ ಹೇಳಲಿಲ್ಲ.

ಮೂರನೇ ಸುತ್ತಿಗೆ ಕೂಸು ಎದ್ದಿತು. ಮೊದಲು ತನ್ನ ಮುಷ್ಟಿ ಚೀಪಿತು, ಆಮೇಲೆ ಅಪ್ಪನ ಗುಂಡಿ ಚೀಪಿತು. ಎರಡರಲ್ಲೂ ಏನೂ ಬರದಿದ್ದಾಗ ಕಿರಿಚತೊಡಗಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಕಿಟಕಿ ಪಕ್ಕದ ಹೆಂಗಸು, ನಾಲ್ಕು ಮಕ್ಕಳನ್ನು ಸಾಕಿದವಳೆಂದು ಹತ್ತಿದ ಐದೇ ನಿಮಿಷಕ್ಕೆ ಹೇಳಿಕೊಂಡಿದ್ದವಳು, "ಹಸಿವಮ್ಮ ಅದು, ಹಸಿವು. ಹಾಲು ಕೊಡಿ," ಎಂದಳು.

"ಪುಣ್ಯಕ್ಕೆ ಇನ್ನೊಂದಿದೆ," ಎಂದ ಅಳಿಯ. ಚೀಲಕ್ಕೆ ಕೈ ಹಾಕಿದ.

"ಸ್ವಲ್ಪ ತಡೀರಿ," ಎಂದರು ಕಾಂಪೌಂಡರಮ್ಮ. "ಈಗ ತಾನೇ ಕುಡಿದಿದೆ. ಎತ್ತಿಕೊಂಡು ಓಡಾಡಿಸಿದ್ರೆ ಸುಮ್ನಾಗುತ್ತೆ."

"ಬೆಲ್ಟ್ ದೀಪ ಹತ್ತಿದೆಯಲ್ಲ ಅತ್ತೆ, ಎಲ್ಲಿ ಓಡಾಡ್ಸೋದು? ಅರ್ಧ ನನ್ನ ಅಂಗಿ ಕುಡೀತು, ಅದಕ್ಕೇನು ಸಿಕ್ತು?"

"ಫ್ಲಾಸ್ಕಲ್ಲಿ ನೀರಿಲ್ಲ."

ನೀರಿಲ್ಲ ಎಂದದ್ದು ಗಗನಸಖಿಯ ಕಿವಿಗೆ ಬಿತ್ತು. ಒಳ್ಳೆಯ ಹುಡುಗಿ ಪಾಪ. ವಾಲಾಡುತ್ತ, ಸೀಟುಗಳನ್ನು ಹಿಡಿದುಕೊಳ್ಳುತ್ತ ಹೋಗಿ ಬಿಸಿನೀರು ತಂದೇ ಬಿಟ್ಟಳು. ಕಾಂಪೌಂಡರಮ್ಮನಿಗೆ ಅವಳ ಒಳ್ಳೆಯತನದ ಮೇಲೆಯೇ ಸಿಟ್ಟು ಬಂತು. ನೀರು ಹೊಗೆಯಾಡುತ್ತಿತ್ತು. ಅಳಿಯ ಅದನ್ನು ಬಾಟಲಿಗೆ ಸುರಿದು, ಆರಲಿ ಎಂದು ಎದುರಿನ ತಟ್ಟೆಯ ಮೇಲಿಟ್ಟ. ಪುಡಿಯ ಡಬ್ಬಿಯನ್ನು ಅದರ ಪಕ್ಕದಲ್ಲಿಟ್ಟ.

ಆ ನೀರು ಆರುವಷ್ಟು ಹೊತ್ತು ಅವರ ಕೈಯಲ್ಲಿತ್ತು.

ಹೇಳಿಬಿಡಬೇಕು. ಹೇಳಿದರೆ? ಇಳಿದ ಕೂಡಲೇ ಅಳಿಯ ಫೋನು ತೆಗೆದು ಹೆಂಡತಿಗೆ ಹೇಳುತ್ತಾನೆ. ಯಾಕೆ ಚೆಲ್ಲಿತು ಎಂಬ ಮಾತು ಬರುತ್ತದೆ. ಕೈ ನಡುಗುವ ಮುದುಕಿಗೆ ಇಂಥ ಕೂಸನ್ನು ಯಾರು ಕೊಟ್ಟಾರು? ನಾಳೆಯೇ ಶಿಶುವಿಹಾರ. ನಾಡಿದ್ದು ತಾವು ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಬೆಳಿಗ್ಗೆ ಎದ್ದು ಆ ಬೋಳು ತಲೆ ಮೂಸದೆ ದಿನ ಹೇಗೆ ಶುರುವಾಗುತ್ತದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ಚೆಲ್ಲಿಬಿಟ್ಟರೆ? ಹೌದು, ಡಬ್ಬಿ ಕೈತಗುಲಿ ಬಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವರು ಶಾಲು ಸರಿಪಡಿಸುವ ನೆವದಲ್ಲಿ ಮೊಣಕೈ ಬೀಸಿದರು. ಡಬ್ಬಿ ಉರುಳಿ, ಕಾಲ ಬಳಿ ಬಿದ್ದು, ಟಣ್ ಟಣ್ ಎಂದು ಕುಣಿದು ನಿಂತಿತು. ಮುಚ್ಚಳ ಬಿಚ್ಚಲಿಲ್ಲ. ಬಿಗಿದವನು ಅಳಿಯನಲ್ಲವೇ.

"ಅಯ್ಯೋ, ನೋಡ್ಕೊಳ್ಳಿ," ಎನ್ನುತ್ತ ಕಿಟಕಿ ಪಕ್ಕದ ಹೆಂಗಸು ಬಗ್ಗಿ ಎತ್ತಿದಳು, ಕರವಸ್ತ್ರದಿಂದ ಒರೆಸಿದಳು, ಕಾಂಪೌಂಡರಮ್ಮನ ಮೂಗಿನ ಕೆಳಗಿಂದಲೇ ಅಳಿಯನಿಗೆ ದಾಟಿಸಿದಳು.

ಅಳಿಯ ಬಾಟಲಿಯನ್ನು ಮುಂಗೈಗೆ ಒತ್ತಿ ನೋಡಿದ. ಆರಿತ್ತು. ಪುಡಿ ಸುರಿದ, ಮುಚ್ಚಿದ, ಕುಲುಕಿದ. ಆಮೇಲೆ ಮೂಗು ಅರಳಿಸಿ, "ಈ ಸಲ ಆ ಕೆಟ್ಟ ವಾಸನೇನೇ ಇಲ್ವಲ್ಲ ಅತ್ತೆ. ಮೇಲೆ ಬಂದ್ರೆ ಮೂಗು ಕೆಲಸ ಮಾಡಲ್ವೇನೋ," ಎಂದ. ಕೂಸು ಆ ಸಿಹಿ ಘಮಕ್ಕೆ ಅಳು ನಿಲ್ಲಿಸಿತು. ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದ ಕೂಸು ಇವತ್ತು ಎರಡೂ ಕೈ ಚಾಚಿ, ಹಕ್ಕಿಮರಿಯ ಹಾಗೆ ಬಾಯಿ ತೆರೆಯಿತು.

ಕಾಂಪೌಂಡರಮ್ಮನ ಮಾತಿಗಿಂತ ಮೊದಲು ಕೈ ಹೋಯಿತು. ನಡುಗುವ ಬಲಗೈಯನ್ನೇ ಚಾಚಿ ಕೂಸಿನ ಬಾಯಿಗೆ ಅಡ್ಡ ಇಟ್ಟರು. ಬಾಟಲಿಯ ತೊಟ್ಟು ಅವರ ಬೆರಳ ಗೆಣ್ಣಿಗೆ ತಾಗಿತು, ಒಂದು ಹನಿ ಹಾಲು ಕೂಸಿನ ಕೆನ್ನೆಗೆ ಸಿಡಿಯಿತು.

"ಅತ್ತೆ! ಏನು ಮಾಡ್ತಿದ್ದೀರಿ?"

"ಕೊಡಬೇಡಿ. ಅದು ಕೂಸಿನ ಪುಡಿ ಅಲ್ಲ. ಟೀಗೆ ಹಾಕೋ ಹಾಲುಪುಡಿ. ಬೆಳಿಗ್ಗೆ ಕೂಸಿನದು ಚೆಲ್ಲಿಹೋಯ್ತು, ನಾನು ಇದನ್ನ ತುಂಬಿದೆ."

ಅಳಿಯ ಬಾಟಲಿಯನ್ನು ದೂರ ಹಿಡಿದು, ಕೂಸಿನ ಕೆನ್ನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಒಂದು ಸಲ ಅಲ್ಲ, ಆರು ಸಲ. ತುಟಿ ಬಿಡಿಸಿ ನೋಡಿದ. ಒಳಗೆ ಏನೂ ಹೋಗಿರಲಿಲ್ಲ. ಆದರೆ ಹನಿ ಬಿದ್ದ ಜಾಗದಲ್ಲಿ ಮೊದಲು ಸಾಸಿವೆಯಷ್ಟು, ಆಮೇಲೆ ಗುಂಡಿಯಷ್ಟು ಅಗಲಕ್ಕೆ ಕೆಂಪು ದದ್ದು ಎದ್ದಿತು. ಇಬ್ಬರೂ ಅದನ್ನೇ ನೋಡಿದರು.

"ಬಂಗಾರದಂಥ ಹಾಲು ಕೈಯಲ್ಲಿಟ್ಕೊಂಡು ಮಗೂನ ಹಸಿವಲ್ಲಿ ಕೊಲ್ತೀರಾ? ಒಂದು ಸಲಕ್ಕೆ ಏನೂ ಆಗಲ್ಲ," ಎಂದಳು ಕಿಟಕಿಯ ಹೆಂಗಸು.

"ಆಗುತ್ತೆ," ಎಂದರು ಕಾಂಪೌಂಡರಮ್ಮ. ಬಾಟಲಿಯನ್ನು ಅಳಿಯನ ಕೈಯಿಂದ ತೆಗೆದು, ಬಿರಡೆ ಬಿಚ್ಚಿ, ವಾಂತಿ ಮಾಡಿಕೊಳ್ಳಲು ಇಟ್ಟಿರುವ ಕಾಗದದ ಚೀಲಕ್ಕೆ ಅಷ್ಟನ್ನೂ ಸುರಿದರು.

ಮುಂದಿನ ಮುಕ್ಕಾಲು ಗಂಟೆ ಕೂಸು ಅತ್ತಿತು. ಗಗನಸಖಿ ಮತ್ತೆ ತಂದ ನೀರನ್ನು ಆರಿಸಿ ನಾಲ್ಕೈದು ಚಮಚ ಹಾಕಿದರು. ನೀರಿನಿಂದ ಮೋಸ ಹೋಗುವ ಕೂಸಲ್ಲ ಅದು. ಸೀಟು ಸೀಟಿನಿಂದ ಗೊಣಗಾಟ ಎದ್ದಿತು. ಹಿಂದಿನಿಂದ ಯಾರೋ, "ಹಾಲು ಕೊಡೋಕಾಗದವರು ಯಾಕಾದ್ರೂ ಹತ್ತುತ್ತಾರೋ," ಎಂದರು. ಅಳಿಯ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕೂಸಿನ ಕೆನ್ನೆ ನೋಡುತ್ತಿದ್ದ, ತುಟಿ ಮುಟ್ಟುತ್ತಿದ್ದ, ಎದೆಗೆ ಕಿವಿಯಿಟ್ಟು ಉಸಿರು ಎಣಿಸುತ್ತಿದ್ದ. ಕಾಂಪೌಂಡರಮ್ಮನಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ತಾವೂ ಬಾಯಿ ಬಿಡದೆ ಎಣಿಸಿದರು. ಉಸಿರು ಸರಾಗವಾಗಿತ್ತು. ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ದದ್ದು ತಿಳಿ ಗುಲಾಬಿ ಬಣ್ಣಕ್ಕೆ ಇಳಿದಿತ್ತು.

ಸಾಮಾನಿನ ಬೆಲ್ಟಿನ ಮೇಲೆ ಊರಿನವರದ್ದೆಲ್ಲ ಪೆಟ್ಟಿಗೆ ಬಂತು, ಇವರದ್ದು ಬರಲಿಲ್ಲ. ಕೂಸಿನ ದನಿ ಕಟ್ಟಿ, ಅಳು ಬರೀ ಗೊರಗೊರ ಸದ್ದಾಗಿತ್ತು. ಕೊನೆಗೂ ಹಗ್ಗದ ಸೂಟ್‌ಕೇಸು ತೂಗಾಡುತ್ತ ಬಂದಾಗ ಅಳಿಯ ಅದರ ಮೇಲೆ ಬಿದ್ದ. ತಾನೇ ಹಾಕಿದ ಗಂಟನ್ನು ಹಲ್ಲಿನಿಂದ ಬಿಚ್ಚಿದ. ಡಬ್ಬ ಹೊರಗೆ ಬಂತು, ತೊಳೆದಿಟ್ಟ ಇನ್ನೊಂದು ಬಾಟಲಿಯೂ ಬಂತು; ನೀರು ಗಗನಸಖಿ ಇಳಿಯುವಾಗ ಫ್ಲಾಸ್ಕಿಗೆ ತುಂಬಿಕೊಟ್ಟದ್ದಿತ್ತು. ಅಭ್ಯಾಸಬಲದಿಂದ ಕಾಂಪೌಂಡರಮ್ಮ ಚಮಚಕ್ಕೆ ಕೈ ಚಾಚಿದರು.

ಅಳಿಯ ಚಮಚ ಕೊಡಲಿಲ್ಲ. ಆ ಕೈಯನ್ನು ನೋಡಿದ. ಬಚ್ಚಿಡಲು ಶಾಲು ಸಿಗುವ ಮೊದಲೇ ನೋಡಿಬಿಟ್ಟ. ಕೂಸನ್ನು ಅವರ ಮಡಿಲಿಗೆ ಹಾಕಿ, ತಾನೇ ನೆಲದ ಮೇಲೆ ಮಂಡಿಯೂರಿ ಅಳೆಯತೊಡಗಿದ.

"ಒಂದು," ಎಂದರು ಕಾಂಪೌಂಡರಮ್ಮ. ಯಾಕೆ ಎಂದರೋ ಅವರಿಗೇ ಗೊತ್ತಿಲ್ಲ. "ಎರಡು. ಮೂರನೇದು ಗೋಪುರ ಎದ್ದಿದೆ, ಸಮ ಮಾಡಿ."

ಅಳಿಯ ತಲೆಯೆತ್ತಿದ. ಮತ್ತೆ ಬಗ್ಗಿ, ಡಬ್ಬದ ಅಂಚಿಗೆ ಸವರಿ ಸಮ ಮಾಡಿದ.

"ನಾಲ್ಕು. ಐದು. ಸಾಕು."

ಕೂಸು ಆ ಕಹಿ ಹಾಲನ್ನು ಅವತ್ತು ಮುಖ ಕಿವುಚದೆ ಕುಡಿಯಿತು. ಅಳಿಯ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. "ಅವಳಿಗೆ ನಾನು ಹೇಳಲ್ಲ," ಎಂದ. "ನೀವೇ ಹೇಳಿ."

ಹೊರಬಾಗಿಲಲ್ಲಿ ಮಗಳು ಕೆಲಸದ ಬೂಟಿನಲ್ಲೇ ನಿಂತಿದ್ದಳು. ಓಡಿ ಬಂದು ಕೂಸನ್ನು ಕಿತ್ತುಕೊಂಡಂತೆ ಎತ್ತಿಕೊಂಡು, ಅದರ ಕತ್ತಿನಲ್ಲಿ ಮುಖ ಹುದುಗಿಸಿ, "ಅಷ್ಟು ತಡ ಆದ್ರೂ ನಂಗೆ ಚಿಂತೇನೇ ಇರ್ಲಿಲ್ಲಮ್ಮ, ನೀನಿದ್ದೀಯಲ್ಲ ಅಂತ," ಎಂದಳು.

ಆ ಮಾತನ್ನು ಹಾಗೇ ಇಟ್ಟುಕೊಂಡು ಸುಮ್ಮನಿರಬಹುದಿತ್ತು. ಕಾಂಪೌಂಡರಮ್ಮ ಬೆಳಿಗ್ಗೆಯಿಂದ ಆದದ್ದನ್ನೆಲ್ಲ ನಿಂತಲ್ಲೇ ಹೇಳಿದರು. ಬಟ್ಟಲು, ಹಾಲುಪುಡಿ, ಬೇಕೆಂದೇ ಬೀಳಿಸಿದ ಡಬ್ಬಿ, ಕೆನ್ನೆಯ ಹನಿ. ಆಮೇಲೆ ಬಲಗೈಯನ್ನು ಶಾಲಿನಿಂದ ಹೊರತೆಗೆದು ಮಗಳ ಕಣ್ಣ ಮುಂದೆ ಹಿಡಿದರು. ಬೆರಳು ನಡುಗುತ್ತಿತ್ತು. ಅವರು ತಡೆಯಲು ಹೋಗಲಿಲ್ಲ.

"ಯಾವಾಗಿಂದ ಅಮ್ಮ?"

"ಇವಳು ಹುಟ್ಟಿದಾಗಿಂದ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೂಸನ್ನ ನನ್ನ ಕೈಗೆ ಕೊಡ್ತಿದ್ಯಾ?"

ಮಗಳು ಕೂಸಿನ ಕೆನ್ನೆಯ ಗುಲಾಬಿ ಕಲೆಯನ್ನು ನೋಡಿದಳು, ಅಮ್ಮನ ಕೈ ನೋಡಿದಳು. ಬಾಯಿ ಮಾತಿಗೆ ಏನಾದರೂ ಹೇಳಿ ಅವಳಿಗೆ ಗೊತ್ತಿಲ್ಲ.

"ಇಲ್ಲ," ಎಂದಳು. "ಕೊಡ್ತಿರ್ಲಿಲ್ಲ." ಹಾಗೆಂದವಳು ಆ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ. ಅವಳ ಹಿಡಿತದೊಳಗೂ ಅದು ನಡುಗುತ್ತಲೇ ಇತ್ತು. ಕಾಂಪೌಂಡರಮ್ಮ ಕಣ್ಣೀರು ಸುರಿಯಲು ಬಿಟ್ಟರು.

ಅಳಿಯ ಗಾಡಿ ತಳ್ಳಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ. ಸಿಟ್ಟು ಇನ್ನೂ ಬೆನ್ನಿನಲ್ಲೇ ಕಾಣುತ್ತಿತ್ತು. ಅಲ್ಲಿಂದಲೇ, ತಿರುಗದೆ ಹೇಳಿದ.

"ಮುಂದಿನ ಹಾಲು ಎಂಟು ಗಂಟೆಗೆ. ಇನ್ಮೇಲೆ ಅಳೆಯೋದು ನಾನು. ಅತ್ತೆ, ಪಕ್ಕದಲ್ಲಿ ನಿಂತು ನೋಡೋಕೆ ನೀವು ಬರ್ಬೇಕು."