ಕಣ್ಣು ಉಜ್ಜಬೇಡ

ಟೋಲ್ ಗೇಟಿನ ಕೊನೆಯ ಗೂಡಿನಲ್ಲಿ ಕೂತು ಚೀಟಿ ಹರಿದುಕೊಡುವ ಆಕೆಗೆ ದಿನವಿಡೀ ಕಾಣುತ್ತಿದ್ದದ್ದು ಬರೀ ಕೈಗಳು. ಬಳೆ ತೊಟ್ಟ ಕೈ, ಗ್ರೀಸ್ ಮೆತ್ತಿದ ಕೈ, ಮೊಬೈಲು ಹಿಡಿದ ಕೈ. ಚೀಟಿ ಸಿಕ್ಕಿದ್ದೇ ತಡ, ಎಲ್ಲ ಮಾಯ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಗೆ ಬರ. ಮೊದಮೊದಲು ಗೋಡೆಗಾದರೂ ಏನಾದರೂ ಹೇಳುತ್ತಿದ್ದಳು. ಈಚೆಗೆ ಅದೂ ನಿಂತಿತ್ತು.

ಆ ಮಧ್ಯಾಹ್ನ ಮಣ್ಣಿನ ಬಣ್ಣದ ಮೋಡವೊಂದು ನೆಲಕ್ಕೆ ತಾಗಿಕೊಂಡೇ ಉರುಳಿ ಬಂತು. ನೋಡನೋಡುತ್ತಲೇ ರಸ್ತೆ ಅಳಿಸಿಹೋಯಿತು. ಲಾರಿಗಳು ಬದಿಗೆ ಸರಿದು ನಿಂತವು. ಆಕೆ ಕಿಂಡಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಮೂಗುಬಾಯಿಗೆ ಟವೆಲು ಕಟ್ಟಿಕೊಂಡಳು. ಬೇಸಿಗೆಯಲ್ಲಿ ಈ ಗಾಳಿ ಹೊಸದೇನಲ್ಲ.

ಯಾರೋ ಬಾಗಿಲು ಗುದ್ದಿದರು. ತೆರೆದರೆ ಬೈಕಿನವನೊಬ್ಬ, ತಲೆಯಿಂದ ಕಾಲಿನವರೆಗೆ ಧೂಳು, ಕೆಮ್ಮುತ್ತಾ ಮುಷ್ಟಿಯಿಂದ ಕಣ್ಣು ತಿಕ್ಕುತ್ತಿದ್ದ.

"ಉಜ್ಜಬೇಡ ತಮ್ಮಾ! ಮರಳು ಕಣ್ಣನ್ನೇ ಗೀರಿಬಿಡುತ್ತೆ. ಒಳಗೆ ಬಾ."

ತನ್ನ ಸ್ಟೂಲಿನ ಮೇಲೆ ಕೂರಿಸಿ, ತಲೆ ವಾಲಿಸಿ, ಕುಡಿಯುವ ನೀರನ್ನು ಸಣ್ಣಗೆ ಹೊಯ್ದಳು. "ರೆಪ್ಪೆ ಬಡಿ. ಹೂಂ, ಇನ್ನೊಂದು ಸಲ." ಆಮೇಲೆ ಒದ್ದೆ ವಸ್ತ್ರವೊಂದನ್ನು ಅವನ ಮುಖಕ್ಕೆ ಸುತ್ತಿದಳು. "ಮೂಗಿಂದ್ಲೇ ಉಸಿರಾಡು. ಬಾಯಿ ಬಿಡಬೇಡ."

"ಬಾಯಿ ಬಿಡದಿದ್ರೆ ನಾನು ಸತ್ತೇ ಹೋಗ್ತೀನಿ ಅಕ್ಕ. ಮನೇಲೆಲ್ಲ ನನ್ನನ್ನ ರೇಡಿಯೋ ಅಂತಾರೆ."

ಆಕೆ ನಕ್ಕಳು. ತನ್ನ ನಗು ತನಗೇ ಅಪರಿಚಿತವೆನಿಸಿತು.

ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡೇ ಹೆಂಡತಿಯ ಬಸಿರು, ಮಗುವಿಗೆ ಹೆಸರಿಡುವ ಜಗಳ ಎಲ್ಲ ಹೇಳಿದ. ಕಣ್ಣು ಕಾಣದವನ ಮುಂದೆ ಎಂಥ ನಾಚಿಕೆ? ಆಕೆಯೂ ಹೇಳಿದಳು: ಗಂಡನ ಗೊರಕೆಗೆ ಬೈಯುತ್ತಿದ್ದದ್ದು, ಈಗ ಆ ಗೊರಕೆಯಿಲ್ಲದೆ ನಿದ್ದೆ ಹತ್ತದಿರುವುದು. ಇಡೀ ಮಂಚ ತನ್ನದೇ ಆದರೂ ಗೋಡೆಯಂಚಿಗೇ ಮಲಗುವುದು.

ಗಾಳಿ ಇಳಿದ ಮೇಲೂ ಅವನಿಗೆ ಬೆಳಕು ಸಹಿಸಲಾಗಲಿಲ್ಲ. ಫೋನು ಮಾಡಿದ್ದಕ್ಕೆ ಭಾವಮೈದ ಕಾರು ತಂದ; ಜೊತೆಗೆ ಬಂದವನೊಬ್ಬ ಧೂಳು ಮೆತ್ತಿದ ಬೈಕನ್ನು ಒಯ್ದ.

"ಉದಾಸೀನ ಮಾಡಬೇಡ, ಡಾಕ್ಟರಿಗೆ ತೋರಿಸು. ಗಾಜಿರೋ ಹೆಲ್ಮೆಟ್ ತಗೋ."

"ತಗೋತೀನಿ ಅಕ್ಕ. ಕಣ್ಣು ನೆಟ್ಟಗಾಗ್ಲಿ, ಬಂದು ನಿಮ್ಮ ಮುಖ ನೋಡ್ಕೊಂಡು ಹೋಗ್ತೀನಿ."

ಬೈಕುಗಳಿಗೆ ಟೋಲ್ ಇಲ್ಲ. ಅವು ಆಚೆಬದಿಯ ಕಿರುದಾರಿಯಲ್ಲಿ ಸಾಗುತ್ತವೆ. ಆಕೆ ದಿನವೂ ಅತ್ತ ಕಣ್ಣಿಟ್ಟಳು. ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಎಲ್ಲರ ಮುಖಕ್ಕೂ ಕಪ್ಪು ಗಾಜು. ಅವನ ಬೈಕಿನ ಬಣ್ಣವಾದರೂ ಗೊತ್ತಿದ್ದರೆ! ಅಂದು ಅದೂ ಧೂಳಿನಲ್ಲಿ ಮುಚ್ಚಿಹೋಗಿತ್ತು.

ಒಂದು ಸಂಜೆ ಸವಾರನೊಬ್ಬ ನಿಧಾನಿಸಿ, ಸಾಲು ಗೂಡುಗಳತ್ತ ಕತ್ತು ತಿರುಗಿಸಿದ. ಒಂದೊಂದೇ ಕಿಂಡಿಯನ್ನು ನೋಡುತ್ತಾ ಬಂದ. ಅಷ್ಟರಲ್ಲಿ ಲಾರಿಯೊಂದು ಅಡ್ಡ ಬಂತು. ಆಕೆ ಎದ್ದು ನಿಂತು, "ತಮ್ಮಾ!" ಎಂದು ಕೂಗಿದಳು. ಲಾರಿ ಸರಿಯುವ ಹೊತ್ತಿಗೆ ಕಿರುದಾರಿ ಖಾಲಿ ಆಗಿತ್ತು.

"ನನ್ನನ್ನ ಕರೆದ್ರಾ ಅಕ್ಕ?" ಎಂದು ಲಾರಿಯವನು ಮೇಲಿಂದ ಬಗ್ಗಿ ಕೇಳಿದ.

"ಇಲ್ಲಪ್ಪ," ಎಂದು ಆಕೆ ಅವನ ಚೀಟಿ ಹರಿದುಕೊಟ್ಟಳು.